ಬಾಗಿಲಿಲ್ಲದ ಬಸವನಹುಳು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ನೆನಪಿರಬಹುದು. ಒಂದು ಮಳೆಗಾಲದಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಊಟದ ಡಬ್ಬಿಯೊಳಗೆ ಅಂಗೈಯುದ್ದದ ಬಸವನಹುಳುವನ್ನು ತಂದು ನನ್ನ ಮೇಜಿನ ಮೇಲಿಟ್ಟಿದ್ದ. ಬೆಂಗಳೂರಿನ ನೆಂಟರ ಮನೆಯ ಹಿತ್ತಲಿನಲ್ಲಿ ಸಿಕ್ಕಿತ್ತಂತೆ. "ಇದು ಯಾವ ಜಾತಿ ಸಾರ್?" ಎಂದು ಕೇಳಿದ. ನಾನು ಅದನ್ನು ಮಗುಚಿಯೂ ನೋಡಲಿಲ್ಲ. "ನಮ್ಮ ಮದಗದ ಕೆರೆಯಲ್ಲಿರುವುದೇ ಕಣಯ್ಯಾ, ಬೆಂಗಳೂರಿನ ಊಟ ತಿಂದು ದಪ್ಪವಾಗಿದೆ. ಒಯ್ದು ತೋಟದಲ್ಲಿ ಬಿಡು" ಎಂದೆ. ತರಗತಿಯೆಲ್ಲ ನಕ್ಕಿತು. ಅವನು ಹಾಗೆಯೇ ಮಾಡಿದ.

ಕಳೆದ ಮಳೆಗಾಲದಲ್ಲಿ ಇಂಗ್ಲೆಂಡಿನಿಂದ ಮಗಳ ಮಗ ಬೀರೂರಿಗೆ ರಜೆಗೆ ಬಂದಿದ್ದ. ಅಲ್ಲಿ ಅವನು ಗಾಜಿನ ಪೆಟ್ಟಿಗೆಯಲ್ಲಿ ಆಫ್ರಿಕದ ದೈತ್ಯ ಬಸವನಹುಳುವನ್ನು ಸಾಕಿದ್ದಾನೆ. ಅಮೆರಿಕದಲ್ಲಿ ಇದನ್ನು ಸಾಕುವಂತಿಲ್ಲ; ಇಂಗ್ಲೆಂಡಿನಲ್ಲಿ ಅಡ್ಡಿಯಿಲ್ಲ. (ಗಿಳಿ, ನಾಯಿಗಳನ್ನಷ್ಟೇ ಕಂಡಿದ್ದ ನನ್ನ ಮನೆಯವರು ಮೂಗು ಮುರಿದರೆನ್ನಿ.) ನಮ್ಮ ಕಾಂಪೌಂಡ್ ಗೋಡೆಯ ಸುಣ್ಣವನ್ನು ಕೆರೆದು ತಿನ್ನುತ್ತಿದ್ದ ಹುಳುವೊಂದನ್ನು ಕಂಡು ಕುಣಿದಾಡಿದ. ನಾನು ಕಂದು ಪಟ್ಟೆಗಳನ್ನು ವರ್ಣಿಸತೊಡಗಿದರೆ, "ಬಣ್ಣ ನೋಡಿ ಹೇಳಬಾರದು ತಾತ" ಎಂದು ತಡೆದ. ಚಿಪ್ಪಿನ ತುದಿ ಮೊನಚೋ ಗುಂಡೋ ನೋಡಬೇಕಂತೆ. ಗುಂಡಗೆ ಅಗಲವಾಗಿದ್ದರೆ ಅದು ಪಶ್ಚಿಮ ಆಫ್ರಿಕದ ಬೇರೊಂದು ಜಾತಿ. ಆಮೇಲೆ ಬಾಯಿಯೊಳಗೆ ಕಾಣುವ ನಡುಗಂಬ. ಅದು ಗುಲಾಬಿಯಾಗಿದ್ದರೆ ಮತ್ತೊಂದು ಜಾತಿ. ಇದರದು ಬೆಳ್ಳಗಿತ್ತು, ಬುಡದಲ್ಲಿ ಕತ್ತರಿಸಿದಂತೆ ಮೊಟಕಾಗಿತ್ತು. "ಲಿಸ್ಸಕಟಿನ ಫುಲಿಕ. ನನ್ನದೂ ಇದೇ!" ಎಂದ.

ಮಗುಚಿದ ಆ ಚಿಪ್ಪಿನಲ್ಲಿ ನಾನು ಕಂಡದ್ದು ಬೇರೆ. ಕೆರೆಯ ಬಸವನಹುಳುವಿಗೆ ಚಿಪ್ಪಿನ ಬಾಯಿ ಮುಚ್ಚುವ ಗಟ್ಟಿ ಮುಚ್ಚಳವಿರುತ್ತದೆ. ಇದಕ್ಕೆ ಇರಲಿಲ್ಲ, ಬೇಸಿಗೆಯಲ್ಲಿ ಕಟ್ಟಿಕೊಳ್ಳುವ ಬಿಳಿಯ ತೆಳುಪೊರೆಯಷ್ಟೇ ಇದರ ಬಾಗಿಲು. ಮುಚ್ಚಳದ ಚಿತ್ರವನ್ನು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬರೆದವನು ನಾನೇ!

1847ರಲ್ಲಿ ಬೆನ್ಸನ್ ಎಂಬಾತ ಮಾರಿಷಸ್‌ನಿಂದ ತಂದು ಕಲ್ಕತ್ತೆಯ ತೋಟದಲ್ಲಿ ಬಿಟ್ಟ ಹುಳುಗಳಿಂದ ಭಾರತದಲ್ಲಿ ಇದರ ಸಂತತಿ ಆರಂಭವಾಯಿತು. ಗಂಡು ಹೆಣ್ಣು ಎರಡೂ ಒಂದೇ ದೇಹದಲ್ಲಿ. ಒಮ್ಮೆ ಕೂಡಿದ ಹುಳು ತಿಂಗಳುಗಟ್ಟಲೆ ಒಂಟಿಯಾಗಿದ್ದೂ ಮೊಟ್ಟೆಯಿಡಬಲ್ಲದು, ಒಂದು ಸಲಕ್ಕೆ 200ರಷ್ಟು. ಡಬ್ಬಿಯಲ್ಲಿದ್ದದ್ದು ಒಂದೇ ಹುಳು ಎಂಬ ಸಮಾಧಾನಕ್ಕೂ ಆಸ್ಪದವಿಲ್ಲ.

ಆ ಹುಡುಗ ಈಗ ಅಡಿಕೆ ತೋಟದ ಯಜಮಾನ. ದೂರವಾಣಿ ಮಾಡಿ ತಪ್ಪೊಪ್ಪಿಕೊಂಡೆ. "ಬಿಡಿ ಸಾರ್, ಸಸಿಗಳ ಮಣ್ಣಿನಲ್ಲೂ ಬಂದಿರಬಹುದು" ಎಂದ. ಮೇಷ್ಟ್ರ ಮೇಲಿನ ಗೌರವಕ್ಕೆ ಹೇಳಿದ ಮಾತು, ಆದರೆ ಪೂರ್ತಿ ಸುಳ್ಳೂ ಅಲ್ಲ. ಅವನ ವೀಳ್ಯದೆಲೆ ಬಳ್ಳಿಗಳ ಚಿಗುರು ಉಳಿದಿರಲಿಲ್ಲ.

ಸಂಜೆ ಮೊಮ್ಮಗನೊಡನೆ ಅಲ್ಲಿಗೆ ಹೋದೆ. ಇಲಿಗಳಿಂದ ಇವಕ್ಕೆ ಅಂಟುವ ಒಂದು ಹುಳು ಮನುಷ್ಯನ ಮಿದುಳಿನ ಪೊರೆಗೆ ಉರಿಯೂತ ತರಬಲ್ಲದು, ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ತೊಟ್ಟು, ಹಾಸಿದ್ದ ಒದ್ದೆ ಗೋಣಿತಾಟುಗಳ ಅಡಿಯಿಂದ ಹೆಕ್ಕಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿದೆವು. ಮೂರನೆಯ ಬಕೆಟ್ಟಿನ ಹೊತ್ತಿಗೆ ಮೊಮ್ಮಗ ಗವಸು ಕಳಚಿ ಬದುವಿನ ಮೇಲೆ ಕುಳಿತುಬಿಟ್ಟ. "ಒಂದನ್ನಾದರೂ ಇಟ್ಟುಕೊಳ್ಳೋಣ ತಾತ" ಎಂದ. ಬೇಡವೆಂದೆ. ದಾರಿಯುದ್ದಕ್ಕೂ ನನ್ನೊಡನೆ ಮಾತಾಡಲಿಲ್ಲ.