ಸೌಟಿನಿಂದ ಲೆಕ್ಕದ ಪುಸ್ತಕಕ್ಕೆ

1980ರ ದಶಕದಲ್ಲಿ ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಗಳ ಹೆಂಗಸರೆಲ್ಲ ಒಟ್ಟು ಸೇರಬೇಕೆಂದರೆ ಮಧುಗಿರಿಯೇ ಅನುಕೂಲ. ಕೊರಟಗೆರೆಯವರಿಗೆ ಹತ್ತಿರ, ಶಿರಾದವರಿಗೂ ನೇರ ದಾರಿ. ಪಾವಗಡದವರು ಮಾತ್ರ ನಸುಕಿಗೇ ಬಸ್ಸು ಹತ್ತಬೇಕಿತ್ತು. ಅವರು ಬಂದರೆಂದರೆ ಹುರಿದ ಕಡಲೆಕಾಯಿ ಚೀಲವೂ ತೆಲುಗು ಬೆರೆತ ಮಾತೂ ಜೊತೆಗೇ ಇಳಿಯುತ್ತಿದ್ದವು.

ಸ್ತ್ರೀಯರ ಅನ್ಯೋನ್ಯ ಕೂಟಕ್ಕೆ ಸಭಾಪಾಲಕರ ಮಡದಿಯೇ ಅಧ್ಯಕ್ಷೆ, ಆರಿಸುವ ಮಾತೇ ಇರಲಿಲ್ಲ. ಬೆಳೆ ಹಬ್ಬಕ್ಕೆ ರಾಗಿ, ಹುಣಸೆಹಣ್ಣು, ಕುಂಬಳಕಾಯಿ, ನಾಟಿ ಕೋಳಿಗಳನ್ನು ಮನೆಮನೆ ತಿರುಗಿ ಒಟ್ಟುಮಾಡುವವರು ನಾವು. ಹರಾಜು ಕೂಗುವವರು ಗಂಡಸರು, ದುಡ್ಡು ಎಣಿಸುವವರೂ ಅವರೇ. ನಮಗೆ ಉಳಿಯುತ್ತಿದ್ದದ್ದು ಹಿತ್ತಲಲ್ಲಿ ಮುದ್ದೆಯ ತಪ್ಪಲೆ ತೊಳೆಯುವ ಕೆಲಸ. ಆದರೂ ಆ ಹಿತ್ತಲಲ್ಲಿ ನಕ್ಕಷ್ಟು ನಾವು ಬೇರೆಲ್ಲೂ ನಕ್ಕಿಲ್ಲ.

ಮಾರ್ಚ್ ಮೊದಲ ಶುಕ್ರವಾರದ ವಿಶ್ವ ಪ್ರಾರ್ಥನಾ ದಿನ ಮಾತ್ರ ಪೂರ್ತಿ ನಮ್ಮದು. ವರ್ಷಕ್ಕೊಂದು ದೇಶದ ಹೆಂಗಸರು ಬರೆದ ಆರಾಧನಾ ಕ್ರಮವನ್ನು ನಾವೇ ನಿಂತು ಓದುತ್ತಿದ್ದೆವು. ನಾಲಿಗೆ ತಿರುಗದ ದೇಶಗಳ ಹೆಸರು ಹೇಳುವಾಗ ಕಾಲು ನಡುಗುತ್ತಿತ್ತು. ಹೊಸಿಲು ದಾಟಿ ನಾಲ್ಕು ಜನರೆದುರು ಮಾತಾಡಲು ಕಲಿತದ್ದು ಅಲ್ಲೇ. ನಮಗಿಂತ ಹಿರಿಯರಿಗೆ ಮನೆಮನೆಗೆ ನಡೆದುಹೋಗಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದ ಬೈಬಲ್ ವುಮನ್‌ಗಳ ನೆನಪಿತ್ತು. 1830ರ ದಶಕದಲ್ಲಿ ಗುಬ್ಬಿಗೆ ಬಂದ ವೆಸ್ಲಿಯನ್ ಮಿಶನ್‌ನ ದಾರಿಯಲ್ಲೇ ಬೆಳೆದ ಕೆಲಸ ಅದು.

1976ರಲ್ಲಿ ಎಲಿಜಬೆತ್ ಪಾಲ್ ಸಿಎಸ್‌ಐನ ಮೊದಲ ಮಹಿಳಾ ಸಭಾಪಾಲಕಿಯಾಗಿದ್ದರು. ಆ ಮಾತೆತ್ತಿದರೆ ನಮ್ಮ ಅಜ್ಜಿಯರು, "ಹೆಂಗ್ಸು ಕರ್ತನ ಭೋಜನ ಕೊಡೋದುಂಟೇನವ್ವಾ?" ಎಂದು ಬಾಯಮೇಲೆ ಕೈಯಿಡುತ್ತಿದ್ದರು. 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ಪುಷ್ಪ ಲಲಿತಾ ಬಿಷಪ್ ಆದಾಗ ಅಜ್ಜಿಯರಿರಲಿಲ್ಲ, ನಾವೇ ಅಜ್ಜಿಯರಾಗಿದ್ದೆವು. ನಮಗೆ ಸಂತೋಷವೇ ಆಯಿತು.

2000-01ರಲ್ಲಿ ಸರ್ಕಾರ ಸ್ತ್ರೀಶಕ್ತಿ ಗುಂಪು ಶುರುಮಾಡಿದಾಗ ಉಳಿತಾಯ, ಸಭೆ, ನಡಾವಳಿ ಯಾವುದೂ ನಮಗೆ ಹೊಸದಾಗಿರಲಿಲ್ಲ. ಸಭೆಯ ಕಮಿಟಿಯಲ್ಲೂ ಹೆಂಗಸರು ಕೂತು ಖರ್ಚಿನ ಲೆಕ್ಕ ಕೇಳತೊಡಗಿದರು. ಈಗ ಹಬ್ಬದ ಊಟಕ್ಕೆ ಅಡುಗೆಯವರನ್ನು ಗೊತ್ತುಮಾಡುತ್ತಾರೆ. ಹುಡುಗಿಯರು ಬೆಂಗಳೂರಿನ ಕೆಲಸಕ್ಕೆ ಹೋಗಿ, ವಾರದ ನಡುವಿನ ಕೂಟದಲ್ಲಿ ನರೆತ ತಲೆಗಳೇ ಹೆಚ್ಚು.

ಹಿತ್ತಲ ನಗುವಿಗಾಗಿ ಆ ಕಾಲವೇ ಮತ್ತೆ ಬರಲಿ ಎಂದು ನಾನು ಕೇಳುವುದಿಲ್ಲ. ಕೂಟ ನಡೆಸುವ ಅಕ್ಕತಂಗಿಯರಲ್ಲಿ ಒಂದೇ ಬೇಡಿಕೆ: ಭಾನುವಾರ ಆರಾಧನೆ ಮುಗಿದ ಮೇಲೆ ಸೇರಿ, ರಜೆಗೆ ಬರುವ ಹುಡುಗಿಯರನ್ನೂ ಕೂರಿಸಿಕೊಳ್ಳಿ, ಅವರ ಕೈಗೆ ಮೊದಲು ಲೆಕ್ಕದ ಪುಸ್ತಕ ಕೊಡಿ. ಸೌಟು ಹಿಡಿಯುವುದನ್ನು ಗಂಡಸರೂ ಕಲಿಯಲಿ.