ತಪ್ಪು ಕಾಫಿಯದ್ದಲ್ಲ

ನನ್ನ ಮುಂದಿನ ಎರಡು ಹಲ್ಲುಗಳಲ್ಲಿ ಎಡಗಡೆಯದ್ದು ಎರಡು ವರ್ಷದಿಂದ ಬಣ್ಣಗೆಡ್ತಾ ಬಂದಿತ್ತು. ಮೊದಲು ಸ್ವಲ್ಪ ಹಳದಿ, ಆಮೇಲೆ ಬೂದಿ. ಆಫೀಸಿನ ವಿಡಿಯೋ ಮೀಟಿಂಗ್‌ಗಳಲ್ಲಿ ತುಟಿ ಮುಚ್ಚಿಕೊಂಡೇ ನಗೋದು ಅಭ್ಯಾಸವಾಯ್ತು. 'ಏನು, ಈಚೆಗೆ ತುಂಬಾ ಗಂಭೀರ ಆಗಿಬಿಟ್ಟಿದ್ದೀಯ, ಮ್ಯಾನೇಜರ್ ಆಗೋ ಯೋಚನೆನಾ?' ಅಂತ ಟೀಮಿನವರು ಕೇಳಿದ್ದೂ ಉಂಟು.

ಅಪರಾಧಿ ಯಾರು ಅನ್ನೋದರ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ಕಾಫಿ. ದಿನಕ್ಕೆ ನಾಲ್ಕು ಲೋಟ ಕುಡಿಯುವವಳ ಹಲ್ಲು ಇನ್ನೇನಾಗುತ್ತೆ? ಬೆಳ್ಳಗಾಗಿಸುತ್ತೇವೆ ಅಂತ ಹೇಳೋ ಟೂತ್‌ಪೇಸ್ಟ್‌ಗಳನ್ನೆಲ್ಲ ಒಂದಾದ ಮೇಲೊಂದು ತಂದೆ. ಒಂದು ವಾರ ಸ್ಟ್ರಾ ಹಾಕಿಕೊಂಡು ಫಿಲ್ಟರ್ ಕಾಫಿ ಕುಡಿದೆ. ಇದನ್ನು ನಮ್ಮಪ್ಪನಿಗೆ ಇವತ್ತಿಗೂ ಹೇಳಿಲ್ಲ, ಹೇಳಿದರೆ ಮನೆಗೆ ಸೇರಿಸುತ್ತಿರಲಿಲ್ಲ. ಆಮೇಲೆ ಕಾಫಿಯನ್ನೇ ಬಿಟ್ಟೆ. ಒಂಬತ್ತು ದಿನ. ಹತ್ತನೇ ದಿನ ತಲೆನೋವಿನಲ್ಲಿ ಎದ್ದು, ಹಲ್ಲು ಹೋದರೆ ಹೋಗಲಿ ಅಂತ ಡಿಕಾಕ್ಷನ್ ಇಳಿಸಿದೆ.

ಹೋದ ತಿಂಗಳು ಆ ಹಲ್ಲಿನ ಮೇಲೆ, ವಸಡಿನಲ್ಲಿ, ಸಾಸಿವೆಯಷ್ಟು ದಪ್ಪದ ಗುಳ್ಳೆ ಎದ್ದಿತು. ನೋವಿಲ್ಲ, ಏನಿಲ್ಲ. ಶುಕ್ರವಾರ ರಾತ್ರಿ ಮೈಸೂರಿಗೆ ಬಂದಾಗ ಅಮ್ಮ ಊಟ ಬಡಿಸುತ್ತಲೇ ಕಂಡುಹಿಡಿದಳು. ನಾನು 'ಸುಮ್ನಿರಮ್ಮ' ಅನ್ನೋದರೊಳಗೆ ಅಪ್ಪ ಕುವೆಂಪುನಗರದ ದಂತವೈದ್ಯೆಗೆ ಫೋನ್ ಮಾಡಿ ಶನಿವಾರ ಬೆಳಗ್ಗೆ ಹತ್ತೂವರೆಗೆ ಸಮಯ ತೆಗೆದುಕೊಂಡಾಗಿತ್ತು.

'ಸೈಕಲ್‌ನಲ್ಲಿ ಹೋಗೋಣ' ಅಂದರು ಅಪ್ಪ.

ಹಲ್ಲಿನ ಡಾಕ್ಟರ ಹತ್ತಿರ ಸೈಕಲ್‌ನಲ್ಲಿ ಯಾರು ಹೋಗ್ತಾರೆ? ಆದರೆ ಅಷ್ಟರಲ್ಲಿ ನನ್ನ ಹೈಸ್ಕೂಲ್ ಕಾಲದ ಲೇಡಿಬರ್ಡ್ ಮೆಟ್ಟಿಲ ಕೆಳಗಿನಿಂದ ಹೊರಗೆ ಬಂದು, ಧೂಳು ಒರೆಸಿಕೊಂಡು, ಚೈನಿಗೆ ಎಣ್ಣೆ ಹಾಕಿಸಿಕೊಂಡು ಗೇಟಿನ ಹತ್ತಿರ ನಿಂತಿತ್ತು. ಪಕ್ಕದಲ್ಲಿ ಅಪ್ಪನ ಅಟ್ಲಾಸ್. ನನಗಿಂತ ವಯಸ್ಸಿನಲ್ಲಿ ದೊಡ್ಡದು. ಡೈನಮೋ ಇದೆ, ಕ್ಯಾರಿಯರ್ ಇದೆ, ಬೆಲ್ ಮಾತ್ರ ಮೂರನೆಯದು. 1951ರಲ್ಲಿ ಸೋನಿಪತ್‌ನಲ್ಲಿ ಶುರುವಾದ ಕಂಪನಿ ಅದು. ದೆಹಲಿ ಪಕ್ಕದ ಸಾಹಿಬಾಬಾದ್‌ನಲ್ಲಿದ್ದ ಅದರ ಕಾರ್ಖಾನೆ ಬಾಗಿಲು ಹಾಕಿದ್ದು 2020ರ ಜೂನ್ 3ರಂದು. ಅವತ್ತು ವಿಶ್ವ ಸೈಕಲ್ ದಿನ ಬೇರೆ! ಆ ಸುದ್ದಿ ಓದಿದ ದಿನ ಅಪ್ಪ ಏನೂ ಮಾತಾಡದೆ ಹಿತ್ತಿಲಿಗೆ ಹೋಗಿ ಅಟ್ಲಾಸಿನ ಎರಡು ಚಕ್ರವನ್ನೂ ಬಿಚ್ಚಿ ಗ್ರೀಸ್ ಹಾಕಿದರಂತೆ. 2017ರಲ್ಲಿ ಮೈಸೂರಿಗೆ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್‌ಗಳು ಬಂದಾಗ ನಾನು ಸಡಗರದಿಂದ ಒಂದನ್ನು ತಂದು ತೋರಿಸಿದ್ದೆ. ಅಪ್ಪ ಅದರ ಸೀಟನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ, 'ಪರವಾಗಿಲ್ಲ' ಅಂದಿದ್ದರು. ಅವರ ಬಾಯಲ್ಲಿ ಅದು ಶಭಾಷ್‌ಗೆ ಸಮ.

ಸರಸ್ವತಿಪುರಂನಿಂದ ಕುವೆಂಪುನಗರಕ್ಕೆ ದೂರ ಏನೂ ಇಲ್ಲ. ಬೆಂಗಳೂರಿನಲ್ಲಿ ಇಷ್ಟು ದೂರಕ್ಕೆ ನಾನು ಆಟೋ ಬುಕ್ ಮಾಡಿ, ಅದು ರದ್ದಾಗಿ, ಇನ್ನೊಂದು ಬುಕ್ ಮಾಡೋದರೊಳಗೆ ಇಲ್ಲಿ ತಲುಪಿಯಾಗಿತ್ತು. ಅಪ್ಪ ಮುಂದೆ, ನಾನು ಹಿಂದೆ. ಅರವತ್ತೇಳು ವರ್ಷದ ಮನುಷ್ಯ ಪ್ರತಿ ತಿರುವಿನಲ್ಲೂ ಕೈ ಚಾಚಿ ಸಿಗ್ನಲ್ ಕೊಡುತ್ತಿದ್ದರು, ಹಿಂದೆ ನಾನೊಬ್ಬಳೇ ಇದ್ದರೂ.

ಡಾಕ್ಟರ್ ನನ್ನ ವಯಸ್ಸಿನವರೇ. ಬಾಯಿ ತೆರೆಸಿ, ಕನ್ನಡಿ ಹಾಕಿ ನೋಡಿದರು. ನಾನು ಮೊದಲೇ ತಪ್ಪೊಪ್ಪಿಕೊಂಡುಬಿಟ್ಟೆ: 'ಕಾಫಿ ಜಾಸ್ತಿ ಡಾಕ್ಟ್ರೇ.'

'ಕಾಫಿ ಕುಡಿದರೆ ಎಲ್ಲಾ ಹಲ್ಲಿಗೂ ಹೊರಗಡೆಯಿಂದ ಕಲೆ ಹಿಡಿಯುತ್ತೆ. ಇದು ಒಂದೇ ಹಲ್ಲು, ಒಳಗಡೆಯಿಂದ ಕಪ್ಪಾಗಿದೆ' ಅಂದರು. ಆಮೇಲೆ ಹತ್ತಿಗೆ ಏನನ್ನೋ ಸಿಂಪಡಿಸಿ ಮಂಜಿನಷ್ಟು ತಣ್ಣಗೆ ಮಾಡಿ ಪಕ್ಕದ ಹಲ್ಲಿಗೆ ಇಟ್ಟರು. ನೆತ್ತಿಗೇ ಹತ್ತಿತು. ಬೂದಿ ಹಲ್ಲಿಗೆ ಇಟ್ಟರು. ಏನೂ ಇಲ್ಲ. ಗೋಡೆಗೆ ಇಟ್ಟ ಹಾಗೆ.

'ಈ ಹಲ್ಲಿನ ನರ ಸತ್ತು ತುಂಬಾ ವರ್ಷ ಆಗಿರಬೇಕು. ಬೇರಿನ ತುದಿಯಲ್ಲಿ ಕೀವು ಕೂತಿದೆ, ಆ ಗುಳ್ಳೆ ಅದರ ಬಾಗಿಲು. ಚಿಕ್ಕವರಿದ್ದಾಗ ಮುಖಕ್ಕೆ ಏನಾದ್ರೂ ಪೆಟ್ಟು ಬಿದ್ದಿತ್ತಾ?'

ನನ್ನ ಬಾಯಲ್ಲಿ ಕನ್ನಡಿ ಇತ್ತು. ಮೂಲೆಯ ಕುರ್ಚಿಯಿಂದ ಅಪ್ಪನೇ ಉತ್ತರ ಕೊಟ್ಟರು.

'ಬಿದ್ದಿದ್ಲು ಡಾಕ್ಟ್ರೇ. ನಾನು ಸೈಕಲ್ ಕಲಿಸ್ತಿದ್ದೆ. ಕೈ ಬಿಟ್ಟುಬಿಟ್ಟೆ.'

ನಾನು 'ಆ... ಆ...' ಅಂದೆ. 'ನೋವಾಯ್ತಾ?' ಅಂತ ಡಾಕ್ಟರ್ ಕನ್ನಡಿ ಸರಿಸಿದರು. ಅಷ್ಟರಲ್ಲಿ ಅಪ್ಪ ಎದ್ದು ಬಂದು ಶರ್ಟಿನ ಜೇಬಿನಿಂದ ಕಪ್ಪು ಬಣ್ಣದ ಪುಟ್ಟ ಡಬ್ಬಿ ತೆಗೆದರು. ಹಿಂದೆ ಕ್ಯಾಮೆರಾದ ಫಿಲ್ಮ್ ರೋಲ್ ಬರುತ್ತಿತ್ತಲ್ಲ, ಆ ಡಬ್ಬಿ. ಮುಚ್ಚಳ ತೆಗೆದು ಅಂಗೈ ಮೇಲೆ ಬಗ್ಗಿಸಿದರು. ಅಕ್ಕಿ ನುಚ್ಚಿನಂಥ ಒಂದು ಚೂರು.

'ಇದು ಅವತ್ತು ಮುರಿದ ತುಂಡು. ಟಾರ್ಚ್ ಹಾಕಿ ಹುಡುಕಿದ್ದೆ. ಏನಕ್ಕೂ ಇರಲಿ ಅಂತ ತಂದೆ.'

ಡಾಕ್ಟರ್ ನಗಲಿಲ್ಲ. ಅದಕ್ಕೆ ನಾನು ಅವರಿಗೆ ಜೀವಮಾನದ ಪೇಷೆಂಟ್. ಚೂರನ್ನು ಬೆಳಕಿಗೆ ಹಿಡಿದು ನೋಡಿ, 'ಅವತ್ತೇ ತಂದಿದ್ದರೆ ಅಂಟಿಸಬಹುದಿತ್ತು ಅಂಕಲ್. ಈಗ ಆ ಜಾಗ ಬೇರೆ ಸಿಮೆಂಟ್ ತುಂಬಿ ಬದಲಾಗಿಬಿಟ್ಟಿದೆ' ಅಂದರು. ಮುರಿದ ಚೂರನ್ನು ಒಣಗಲು ಬಿಡದೆ ಹಾಲಿನಲ್ಲೋ ನೀರಿನಲ್ಲೋ ಹಾಕಿ ತರಬೇಕಂತೆ. ಇಡೀ ಹಲ್ಲೇ ಬೇರು ಸಮೇತ ಕಿತ್ತು ಬಂದರೆ ಹಾಲಿಗೆ ಹಾಕಿಕೊಂಡು ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ ಓಡಬೇಕಂತೆ, ಬೇರನ್ನು ಉಜ್ಜಿ ತೊಳೆಯಲೇಬಾರದಂತೆ. ಹಾಲುಹಲ್ಲಾದರೆ ಮಾತ್ರ ವಾಪಸ್ ಕೂರಿಸುವುದಿಲ್ಲ. ಮನೆಯಲ್ಲಿ ಸೈಕಲ್ ಕಲಿಯೋ ಮಕ್ಕಳಿದ್ದವರು ಇಷ್ಟನ್ನು ನೆನಪಿಟ್ಟುಕೊಳ್ಳಿ, ಮಿಕ್ಕಿದ್ದು ನನ್ನ ಮನೆ ಕಥೆ.

ಇಂಜೆಕ್ಷನ್ ಕೊಟ್ಟರು. ನರ ಸತ್ತಿದ್ದರೂ ಸುತ್ತಲಿನ ವಸಡು ಬದುಕಿದೆಯಲ್ಲ. ಮೇಲ್ದುಟಿ ಊದಿಕೊಂಡು ಮೂಗಿಗೆ ತಾಗಿದಂತೆ ಅನ್ನಿಸಿತು, ಕನ್ನಡಿಯಲ್ಲಿ ನೋಡಿದರೆ ಇದ್ದ ಹಾಗೇ ಇತ್ತು. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿದರು. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದೇ ಬೇರು, ಒಂದೇ ಕಾಲುವೆ; ದವಡೆ ಹಲ್ಲಿಗಾದರೆ ಮೂರು, ನಾಲ್ಕು ಇರುತ್ತವೆ. 'ನಿಮ್ಮದು ಸುಲಭ' ಅಂದರು. ಕೂದಲೆಳೆಯಂಥ ಫೈಲುಗಳು ಒಳಗೆ ಹೋಗಿ ಬರುತ್ತಿದ್ದವು. ಈಜುಕೊಳದ ಕ್ಲೋರಿನ್ ವಾಸನೆ. ಬಾಯಿ ತೆರೆದುಕೊಂಡು, ಮಾತಿಲ್ಲದೆ, ಮುಕ್ಕಾಲು ಗಂಟೆ ಚಾವಣಿ ನೋಡುತ್ತಾ ಮಲಗಿದೆ. ಅಷ್ಟು ಹೊತ್ತು 2003ರ ಬೇಸಿಗೆ ರಜೆಯಿಂದ ತಪ್ಪಿಸಿಕೊಳ್ಳಲು ಆಗಲಿಲ್ಲ.

ನನಗೆ ಆಗ ಹತ್ತು ವರ್ಷ. ಗಂಟೆ ಲೆಕ್ಕದ ಬಾಡಿಗೆ ಸೈಕಲ್, ಕೆಂಪು ಬಣ್ಣದ್ದು. ಅಪ್ಪ ಕ್ಯಾರಿಯರ್ ಹಿಡಿದುಕೊಂಡು ಹಿಂದೆ ಓಡುತ್ತಿದ್ದರು. 'ಬೀಳೋ ಕಡೆಗೇ ಹ್ಯಾಂಡಲ್ ತಿರುಗಿಸು, ಬೀಳಲ್ಲ' ಅನ್ನೋದು ಅವರ ಪಾಠ. ಕೇಳೋಕೆ ಉಲ್ಟಾ ಅನ್ನಿಸುತ್ತೆ, ಆದರೆ ಸೈಕಲ್ ನಿಂತಿರೋದೇ ಹಾಗೆ. ಎಡಕ್ಕೆ ವಾಲಿದಾಗ ಎಡಕ್ಕೇ ತಿರುಗಿಸಿದರೆ ಚಕ್ರ ಬಂದು ನಮ್ಮ ಕೆಳಗೆ ನಿಲ್ಲುತ್ತೆ. ಮೂರನೇ ದಿನಕ್ಕೆ ನನಗೆ ಅದು ಕೈಗೆ ಬಂತು. ಎದುರು ಮನೆ ಹುಡುಗಿ ಗೇಟಿನಲ್ಲಿ ನಿಂತು ನೋಡುತ್ತಿದ್ದಳು. ಅವಳಾಗಲೇ ಒಬ್ಬಳೇ ಬಿಡುತ್ತಿದ್ದಳು. ಅವಳೆದುರಿಗೆ ಅಪ್ಪ ಹಿಡಿದುಕೊಳ್ಳೋದು ಅವಮಾನ ಅನ್ನಿಸಿತು.

'ಬಿಡಿ ಅಪ್ಪಾ' ಅಂದೆ. 'ಬಿಡಿ, ಬಿಡಿ!'

ಬಿಟ್ಟರು. ನಾಲ್ಕು ಮನೆ ದಾಟಿದೆ. ಎಷ್ಟು ಚೆನ್ನಾಗಿ ಹೋಗ್ತಿದೀನಿ ಅಂತ ಅಪ್ಪ ನೋಡ್ತಿದ್ದಾರಾ ಅಂತ ತಿರುಗಿ ನೋಡಿದೆ. ಕತ್ತು ತಿರುಗಿದ ಕಡೆ ಹ್ಯಾಂಡಲ್ ತಿರುಗಿತು. ಚರಂಡಿ ಕಲ್ಲು, ಮುಖ, ರಕ್ತ.

ಅಮ್ಮ ಓಡಿ ಬಂದು 'ಏನಾಯ್ತೇ?' ಅಂದಾಗ ನಾನು ಅಳುತ್ತಾ ಹೇಳಿದ್ದು: 'ಅಪ್ಪ ಹೇಳದೇ ಕೈ ಬಿಟ್ಟುಬಿಟ್ರು.'

ಅಮ್ಮ ಅವತ್ತು ರಸ್ತೆಯಲ್ಲೇ ಶುರು ಮಾಡಿದ್ದು ಇಪ್ಪತ್ತೆರಡು ವರ್ಷ ಆದರೂ ಮುಗಿದಿಲ್ಲ. ನನ್ನ ನಿಶ್ಚಿತಾರ್ಥದ ಫೋಟೋ ಬಂದಾಗ, 'ಆ ಹಲ್ಲೊಂದು ಸರಿ ಇದ್ದಿದ್ರೆ... ಇವರು ಕೈ ಬಿಟ್ಟಿದ್ದಕ್ಕೆ' ಅಂದಳು. ಮದುವೆ ಮನೆಗಳಲ್ಲಿ, ನೆಂಟರ ಮುಂದೆ, ಯಾರಾದರೂ ಮಗುವಿಗೆ ಸೈಕಲ್ ಕೊಡಿಸಿದೆವು ಅಂದರೆ ಸಾಕು, ಈ ಕಥೆ ಬರುತ್ತೆ. ಎಲ್ಲರೂ ನಗುತ್ತಾರೆ. ಅಪ್ಪನೂ ನಗುತ್ತಾರೆ. ನಾನು ಎದ್ದು ನೀರು ಕುಡಿಯೋಕೆ ಹೋಗ್ತೀನಿ.

ಅಪ್ಪನಿಗೆ ಮರೆತಿರಬಹುದು ಅಂತ ನಾನು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೆ. ಆ ಡಬ್ಬಿ ನೋಡಿದ ಮೇಲೆ ಆ ಸಮಾಧಾನವೂ ಹೋಯಿತು.

'ಎರಡು ಮೂರು ಗಂಟೆ ಮರಗಟ್ಟಿರುತ್ತೆ. ಅಲ್ಲಿಯವರೆಗೂ ಬಿಸಿ ಏನೂ ಬೇಡ, ತುಟಿ ಸುಟ್ಟರೂ ಗೊತ್ತಾಗಲ್ಲ' ಅಂದರು ಡಾಕ್ಟರ್. ಬಣ್ಣಕ್ಕೂ ದಾರಿ ಇದೆಯಂತೆ. ಮುಂದಿನ ಸಲ ಹಲ್ಲಿನ ಒಳಗೇ ಔಷಧಿ ಇಟ್ಟು ಬಿಳಿ ಮಾಡಲು ನೋಡಬಹುದಂತೆ.

ವಾಪಸ್ ಬರುವಾಗ ಫೈರ್ ಬ್ರಿಗೇಡ್ ಹತ್ತಿರದ ಹೋಟೆಲಿನ ಮುಂದೆ ಅಪ್ಪ ಬ್ರೇಕ್ ಹಿಡಿದರು. ಶನಿವಾರದ ಕಾಫಿ ಅವರಿಗೆ ತಪ್ಪಬಾರದು. 'ಒಂದು ಬೈಟು' ಅಂತ ಹೇಳಿ, ನನ್ನ ಲೋಟವನ್ನು ನನ್ನ ಮುಂದಿಟ್ಟು, 'ಆರಲಿ, ಆಮೇಲೆ ಕುಡಿ' ಅಂದರು. ಆರಿದ ಫಿಲ್ಟರ್ ಕಾಫಿ ಕುಡಿ ಅಂತ ನಮ್ಮಪ್ಪ ಹೇಳಿದರು ಅಂದರೆ ಅದು ನನ್ನ ಮೇಲಿನ ಮಮತೆ. ಒಂದು ಗುಟುಕು ಹೀರಿ, 'ಚಿಕೋರಿ ಜಾಸ್ತಿ' ಅಂತ ತೀರ್ಪು ಕೊಟ್ಟರು. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಪಾಲಾದರೂ ಇರಬೇಕು ಅನ್ನೋದು ಸರ್ಕಾರದ ನಿಯಮ. ಅಪ್ಪನ ನಿಯಮ 80. ಉಳಿದ 20 ಯಾಕೆ ಅಂದರೆ, 'ಬಣ್ಣಕ್ಕೆ ಕಣೇ, ಬರೀ ಕಾಫಿಗೆ ಆ ಗಟ್ಟಿ ಬರಲ್ಲ' ಅಂತಾರೆ. ಚಿಕೋರಿಯೂ ಒಂದು ಗಿಡದ ಬೇರೇ, ಹುರಿದು ಪುಡಿ ಮಾಡಿದ್ದು. ಅವತ್ತು ಬೆಳಗ್ಗೆಯಿಂದ ನನಗೆ ಬರೀ ಬೇರಿನದೇ ಸಹವಾಸ.

ಈಗ ಹೇಳಿಬಿಡಬೇಕು ಅಂದುಕೊಂಡೆ. ಆದರೆ ಕನ್ನಡದಲ್ಲಿ ಪ, ಫ, ಬ, ಭ, ಮ ಅಂತ ಒಂದು ಸಾಲಿದೆ ನೋಡಿ, ಎರಡು ತುಟಿ ಸೇರಿದರಷ್ಟೇ ಹುಟ್ಟೋ ಅಕ್ಷರಗಳು. ನನ್ನ ಮೇಲ್ದುಟಿ ಕ್ಲಿನಿಕ್ಕಿನಲ್ಲೇ ಉಳಿದಿತ್ತು. ನನಗೆ ಹೇಳಬೇಕಾಗಿದ್ದ ಮಾತೆಲ್ಲ ಆ ಸಾಲಿನದೇ.

'ಅಫ್ಫಾ... ಅವತ್ತು ವಿಡಿ ಅಂದಿದ್ದು ನಾನೇ.'

'ಏನು ಬಿಡಿ?'

'ಸೈಕಲ್. ನಾನೇ ವಿಡಿ ಅಂದೆ. ಅಮ್ವಂಗೆ ಸುಳ್ಳು ಹೇಳ್ದೆ.'

ಪಕ್ಕದ ಟೇಬಲಿನವರು ತಿರುಗಿ ನೋಡಿದರು. ಅಪ್ಪ ಲೋಟ ಕೆಳಗಿಟ್ಟರು.

'ನೀನು ಹೇಳಿದ್ದು ನನಗೆ ಗೊತ್ತಿಲ್ವಾ? ಕೇಳಿಸಿತಲ್ಲ, ಅದಕ್ಕೇ ಬಿಟ್ಟಿದ್ದು.'

'ಮತ್ತೆ ಯಾಕೆ ಸುಮ್ನಿದ್ರಿ?'

'ಹತ್ತು ವರ್ಷದ ಮಗು ಬಿಡಿ ಅಂದ ತಕ್ಷಣ ಬಿಟ್ಟುಬಿಡೋದಾ? ಇನ್ನೂ ನಾಲ್ಕು ಮನೆ ಓಡಬೇಕಿತ್ತು. ಅವತ್ತು ಸುಸ್ತಾಗಿತ್ತು, ನೀನು ಬಿಡಿ ಅಂದಿದ್ದೇ ಸಾಕು ಅನ್ನಿಸ್ತು.' ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಅಂದರು: 'ಅಲ್ಲದೇ ನಿಮ್ಮಮ್ಮ ಅವತ್ತು ನಿನಗೆ ಬೈದಿದ್ರೆ ನೀನು ಸೈಕಲ್ ಮುಟ್ತಾನೇ ಇರಲಿಲ್ಲ. ನನಗೆ ಬೈದ್ರೆ ನಾನೇನು ಸೈಕಲ್ ಬಿಡ್ತೀನಾ?'

ನನ್ನ ಕಾಫಿ ಅಷ್ಟರಲ್ಲಿ ಆರಿತ್ತು. ಎತ್ತಿ ಕುಡಿದೆ. ಅರ್ಧ ಒಳಗೆ ಹೋಯಿತು, ಅರ್ಧ ಗಲ್ಲದ ಮೇಲಿಂದ ಕುರ್ತಾಗೆ ಇಳಿಯಿತು. ಅಪ್ಪ ಕರ್ಚೀಫ್ ಕೊಟ್ಟರು. ಕಣ್ಣನ್ನೂ ಅದರಲ್ಲೇ ಒರೆಸಿಕೊಂಡೆ, ಇಂಜೆಕ್ಷನ್ ಉರಿ ಅಂತ ಹೇಳಿ.

'ಅಮ್ವಂಗೆ ಹೇಳಿಬಿಡ್ತೀನಿ' ಅಂದೆ.

'ಬೇಡ ಕಣೇ' ಅಂದರು ಅಪ್ಪ, ಗಾಬರಿಯಿಂದ. 'ಈಗ ಹೇಳಿದ್ರೆ ಇಪ್ಪತ್ತೆರಡು ವರ್ಷ ಯಾಕೆ ಸುಮ್ನಿದ್ರಿ ಅಂತ ಮತ್ತೆ ನನಗೇ ಬೈತಾಳೆ.'

ಆದರೆ ಅಮ್ಮ ಮಧ್ಯಾಹ್ನ ಊಟ ಆದಮೇಲೆ ಫೋನಿನಲ್ಲಿ ಈ ಅಂಕಣವನ್ನು ತಪ್ಪದೆ ಓದುತ್ತಾಳೆ. ಅಪ್ಪನಿಗೆ ಆ ವಿಷಯ ಗೊತ್ತಿಲ್ಲ.

ಅಮ್ಮಾ, ಬಿಡಿ ಅಂದಿದ್ದು ನಾನೇ. ಅಪ್ಪ ಎದ್ದ ಮೇಲೆ ಅವರಿಗೊಂದು ಲೋಟ ಸ್ಟ್ರಾಂಗ್ ಕಾಫಿ ಮಾಡಿಕೊಡು.