ಶ್! ಉಪ್ಪ ಮಲಗಿದ್ದಾರೆ

ಕಳೆದ ವರ್ಷದ ಮಾತು. ಮದ್ರಸದ ಮೂರನೆಯ ತರಗತಿಯ ಮಕ್ಕಳಿಗೆ ಸಲಾಮ್‌ನ ಪಾಠ ಮಾಡುತ್ತಿದ್ದೆ. ಮನೆಯೊಳಗೆ ಕಾಲಿಡುವಾಗ ಮನೆಯವರಿಗೆ ಸಲಾಮ್ ಹೇಳಬೇಕು ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಉಸ್ತಾದ್, ಉಪ್ಪ ಮಲಗಿದ್ದರೂ ಹೇಳಬೇಕಾ?"

"ಯಾಕಮ್ಮಾ?"

"ನಾನು ಶಾಲೆಯಿಂದ ಬರುವಾಗ ಉಪ್ಪ ಮಲಗಿರ್ತಾರೆ. ಸದ್ದು ಮಾಡಬಾರದು ಅಂತ ಉಮ್ಮ ಹೇಳಿದ್ದಾರೆ."

ಆಕೆಯ ತಂದೆ ಮೀನಿನ ಲಾರಿ ಓಡಿಸುತ್ತಾರೆ. ಮಗ್ರಿಬ್‌ಗೆ ಮೊದಲು ಮಂಗಳೂರಿನ ಧಕ್ಕೆಗೆ ಹೊರಟರೆ ರಾತ್ರಿಯಿಡೀ ರಸ್ತೆಯಲ್ಲಿ. ಮನೆಗೆ ಮರಳುವುದು ಮರುದಿನ ಬೆಳಿಗ್ಗೆ ಹತ್ತರ ನಂತರ. ಆಗ ಮಗಳು ಶಾಲೆಯಲ್ಲಿ. ಅವಳು ಮನೆಗೆ ಬಂದಾಗ ಅವರು ನಿದ್ದೆಯಲ್ಲಿ. ಒಂದೇ ಸೂರಿನಡಿಯಲ್ಲಿದ್ದರೂ ಪರದೇಶದಲ್ಲಿದ್ದಂತೆ.

ಪ್ರವಾದಿವರ್ಯರು(ಸ) ರಾತ್ರಿ ಮನೆಗೆ ಬರುವಾಗ ಎಚ್ಚರವಿರುವವರಿಗೆ ಕೇಳುವಷ್ಟು, ಮಲಗಿದವರಿಗೆ ಎಚ್ಚರವಾಗದಷ್ಟು ಮೆಲ್ಲನೆ ಸಲಾಮ್ ಹೇಳುತ್ತಿದ್ದರೆಂದು ಸಹೀಹ್ ಮುಸ್ಲಿಮ್‌ನಲ್ಲಿ ಮಿಕ್ದಾದ್(ರ)ರ ವರದಿಯಿದೆ. ಅದನ್ನೇ ಆ ಮಗುವಿಗೆ ಹೇಳಿದೆ. ಅವಳು ತಲೆಯಾಡಿಸಿ ಕುಳಿತಳು. ಆದರೆ ಆ ದಿನ ಪಾಠ ಮುಂದುವರಿಸಲು ನನ್ನಿಂದ ಸಾಧ್ಯವಾಗಲಿಲ್ಲ. ಕಾರಣವೇನೆಂದು ಹೇಳುತ್ತೇನೆ.

ಪ್ರಿಯ ಓದುಗರೇ, ಈ ಲೇಖಕನೂ ಐದು ವರ್ಷ ಹಗಲು ಮಲಗಿದವನು. 2004ರಲ್ಲಿ ಮದ್ರಸ ಶಿಕ್ಷಣ ಮುಗಿಸಿ ಊರಿಗೆ ಬಂದಾಗ ಮನೆಯಲ್ಲಿ ಇಬ್ಬರು ಸಹೋದರಿಯರ ಮದುವೆಯ ಸಾಲವಿತ್ತು. ಬೆಂಗಳೂರಿನ ಮೆಜೆಸ್ಟಿಕ್ ಬಳಿಯ ಒಂದು ಲಾಡ್ಜ್‌ನಲ್ಲಿ ರಾತ್ರಿ ಕೌಂಟರಿನ ಕೆಲಸ ಸಿಕ್ಕಿತು. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು. ಆಗ ನಾನು ಬಹಳ ಸಂತೋಷಪಟ್ಟಿದ್ದೆ. ಹಗಲೆಲ್ಲ ಬಿಡುವು, ರಾತ್ರಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಓದು. ಅಂಚೆ ತೆರಪಿನ ಮೂಲಕ ಬಿ.ಎ. ಮಾಡಿದ್ದು ಆ ಕೌಂಟರಿನಲ್ಲೇ. ಆದ್ದರಿಂದ ಆ ಕೆಲಸವನ್ನು ಪೂರ್ತಿಯಾಗಿ ದೂರಿದರೆ ಕೃತಘ್ನತೆಯಾದೀತು.

ಅದು ಬೆಂಗಳೂರಿನಲ್ಲಿ ಕಾಲ್ ಸೆಂಟರ್‌ಗಳ ಕಾಲ. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಒಂಬತ್ತಾದಾಗ ನಮ್ಮಲ್ಲಿ ಚಳಿಗಾಲದ ರಾತ್ರಿ ಏಳೂವರೆ. ಅಲ್ಲಿಯ ಹಗಲಿಗಾಗಿ ಇಲ್ಲಿಯ ಯುವಕ ಯುವತಿಯರು ರಾತ್ರಿಯನ್ನು ಮಾರುತ್ತಿದ್ದರು. ಅವರನ್ನು ತುಂಬಿಕೊಂಡ ಕ್ವಾಲಿಸ್‌, ಸುಮೋಗಳು ನಮ್ಮ ಲಾಡ್ಜ್‌ನ ಮುಂದೆಯೇ ಹಾದು ಹೋಗುತ್ತಿದ್ದವು. ಪತ್ರಿಕೆಗಳು ಬರೆದದ್ದೆಲ್ಲ ಅವರ ಬಗ್ಗೆ. ಬೇಕರಿಯ ಒಲೆಯ ಮುಂದೆ ನಿಂತವನ, ಎ.ಟಿ.ಎಂ. ಕಾಯುವ ಮುದುಕನ, ಆಸ್ಪತ್ರೆಯ ಆಯಾಳ ರಾತ್ರಿ ಯಾರಿಗೂ ಸುದ್ದಿಯಾಗಿರಲಿಲ್ಲ.

ಮೊದಲು ಹೋದದ್ದು ನಿದ್ದೆಯಲ್ಲ, ಗೆಳೆಯರು. ಜಗಳವಾಡಿ ಯಾರೂ ದೂರವಾಗಲಿಲ್ಲ. ಹಗಲು ಫೋನ್ ಮಾಡಿದರೆ ನಾನು ನಿದ್ದೆಗಣ್ಣಿನಲ್ಲಿ ಹೂಂ ಎನ್ನುತ್ತಿದ್ದೆ. ಸಂಜೆ ಅವರಿಗೆ ಬಿಡುವಾಗುವಾಗ ನಾನು ಅಂಗಿ ಹಾಕಿ ಕೆಲಸಕ್ಕೆ ಹೊರಡುತ್ತಿದ್ದೆ. ವರ್ಷ ಕಳೆಯುವಷ್ಟರಲ್ಲಿ ಕರೆಗಳು ನಿಂತವು. ಬಾಲ್ಯದ ಗೆಳೆಯನೊಬ್ಬನ ನಿಕಾಹ್ ನಡೆದದ್ದು ನನಗೆ ತಿಂಗಳ ನಂತರ ತಿಳಿಯಿತು. ಕೇಳಿದರೆ ಅವನು, "ನಿನಗೆ ಬರಲು ಆಗುವುದಿಲ್ಲ ಅಂತ ಗೊತ್ತಿತ್ತು ಮಾರಾಯ. ಸುಮ್ಮನೆ ಹೇಳಿ ಯಾಕೆ ಸಂಕಟಕ್ಕೆ ಸಿಲುಕಿಸುವುದು ಅಂತ ಬಿಟ್ಟೆ" ಎಂದ. ಅವನು ನನ್ನ ಮೇಲಿನ ಕಾಳಜಿಯಿಂದಲೇ ಹಾಗೆ ಮಾಡಿದ್ದ. ಆದರೂ ಕರೆಯದಿದ್ದದ್ದಕ್ಕಿಂತ ಆ ಕಾಳಜಿಯೇ ನನ್ನನ್ನು ಹೆಚ್ಚು ನೋಯಿಸಿತು.

ಜುಮಾದ ಖುತ್ಬಾದಲ್ಲಿ ನಾನು ತೂಕಡಿಸುತ್ತಿದ್ದೆ ಎಂದರೆ ನೀವು ನಗುವಿರಿ. ಮದ್ರಸದಲ್ಲಿ ಓದಿ ಬಂದವನ ಅವಸ್ಥೆ ಅದು. ಒಮ್ಮೆ ಪಕ್ಕದಲ್ಲಿದ್ದ ಹಿರಿಯರು ನಮಾಝಿನ ನಂತರ ಭುಜ ತಟ್ಟಿ, "ರಾತ್ರಿಯೆಲ್ಲ ಏನು ಮಾಡ್ತೀಯಪ್ಪಾ?" ಎಂದು ಕೇಳಿದರು. ಅವರು ಕೇಳಿದ ಧಾಟಿ ಸರಿಯಿರಲಿಲ್ಲ. ವಿವರಿಸುವಷ್ಟು ತ್ರಾಣ ನನ್ನಲ್ಲೂ ಇರಲಿಲ್ಲ.

ಒಂದು ತಿಂಗಳು ಮಾತ್ರ ಇದಕ್ಕೆ ಹೊರತಾಗಿತ್ತು. ರಮಝಾನ್‌ನಲ್ಲಿ ಕೌಂಟರಿನಲ್ಲಿ ಕುಳಿತ ನನಗೆ ಒಂಟಿತನ ಕಾಡುತ್ತಿರಲಿಲ್ಲ. ತರಾವೀಹ್ ಮುಗಿಸಿದವರು ಬಾಗಿಲಲ್ಲಿ ನಿಂತು ಮಾತಾಡಿಸಿ ಹೋಗುತ್ತಿದ್ದರು. ಸಹರಿಯ ಹೊತ್ತಿಗೆ ಊರಿನಿಂದ ಉಮ್ಮ ಫೋನ್ ಮಾಡುತ್ತಿದ್ದರು. ಗಂಟೆ ಅದೇ, ಕುರ್ಚಿ ಅದೇ, ನಿದ್ದೆಗೇಡೂ ಅಷ್ಟೇ. ಆದರೆ ನನ್ನವರೆಲ್ಲ ನನ್ನೊಂದಿಗೆ ಎಚ್ಚರವಿದ್ದರು. ಈದ್‌ನ ಮರುದಿನ ರಾತ್ರಿ ಅದೇ ಕುರ್ಚಿಯಲ್ಲಿ ಕುಳಿತಾಗ ಸಂಕಟವಾಗುತ್ತಿತ್ತು. ಎಚ್ಚರವಿರುವುದು ಕಷ್ಟವಲ್ಲ, ಒಬ್ಬನೇ ಎಚ್ಚರವಿರುವುದು ಕಷ್ಟ ಎಂದು ನನಗೆ ತಿಳಿದದ್ದು ಆಗ.

ದೇಹದ ಮಾತೂ ಇದೆ. ನಮ್ಮ ಜೀವಕೋಶಗಳಲ್ಲಿ ಹಗಲು ರಾತ್ರಿಯನ್ನು ಅಳೆಯುವ ಒಂದು ಗಡಿಯಾರವಿದೆ. ಅದು ಕೆಲಸ ಮಾಡುವ ಬಗೆಯನ್ನು ಕಂಡುಹಿಡಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ದೀರ್ಘಕಾಲ ರಾತ್ರಿ ಪಾಳಿ ಮಾಡುವುದು ಕ್ಯಾನ್ಸರ್‌ಗೆ ಬಹುಶಃ ಕಾರಣವಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2007ರಲ್ಲಿ ಹೇಳಿತು, 2019ರಲ್ಲಿ ಪುನಃ ಪರಿಶೀಲಿಸಿ ಅದೇ ಮಾತನ್ನು ಎತ್ತಿಹಿಡಿಯಿತು. ಅದನ್ನೆಲ್ಲ ವೈದ್ಯರು ವಿವರಿಸಲಿ. ಕುರ್‌ಆನ್ ರಾತ್ರಿಯನ್ನು ವಿಶ್ರಾಂತಿಗೆಂದೇ ಹೇಳಿದೆಯಲ್ಲ ಎಂದು ಕೆಲವರು ರಾತ್ರಿ ದುಡಿಯುವವರನ್ನು ಚುಚ್ಚುವುದನ್ನು ಕೇಳಿದ್ದೇನೆ. ಅವರು ಸೂರಃ ಅರ್ರೂಮ್‌ನ 23ನೇ ವಚನವನ್ನೂ ಓದಬೇಕು. ಅಲ್ಲಿ ನಿದ್ರೆಯ ಮಾತು ಬಂದಾಗ ರಾತ್ರಿಯೊಂದಿಗೆ ಹಗಲಿನ ಹೆಸರೂ ಬಂದಿದೆ. ಹಗಲು ಮಲಗುವವನನ್ನು ಅಲ್ಲಾಹನು ಮರೆತಿಲ್ಲ. ಮರೆತವರು ನಾವು.

ಈಗ ಮನೆಯ ವಿಷಯಕ್ಕೆ ಬರುತ್ತೇನೆ. 2006ರಲ್ಲಿ ನನ್ನ ಮದುವೆಯಾಯಿತು. ಬೆಂಗಳೂರಿನಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಅದರ ಮೂಲೆಯಲ್ಲೇ ಅಡುಗೆ. ನಾನು ಒಂಬತ್ತಕ್ಕೆ ಬಂದು ಚಹಾ ಕುಡಿದು ಮಲಗಿದರೆ ಆ ಕೋಣೆ ನನ್ನ ನಿದ್ದೆಯದ್ದಾಗುತ್ತಿತ್ತು. ಅವಳು ಕುಕ್ಕರ್ ಇಡುತ್ತಿರಲಿಲ್ಲ, ಸೀಟಿ ಹೊಡೆಯುತ್ತದಲ್ಲ! ಅನ್ನವನ್ನು ತೆರೆದ ಪಾತ್ರೆಯಲ್ಲಿ ಬೇಯಿಸುತ್ತಿದ್ದಳು. ಬಳೆಗಳನ್ನು ತೆಗೆದಿಡುತ್ತಿದ್ದಳು. ತರಕಾರಿ ಗಾಡಿಯವನು ಕೂಗುವ ಮೊದಲೇ ಬೀದಿಯ ತುದಿಗೆ ಹೋಗಿ ನಿಲ್ಲುತ್ತಿದ್ದಳು. ರಾತ್ರಿ ನಾನಿಲ್ಲದ ಮನೆಯಲ್ಲಿ ಬಾಗಿಲಿಗೆ ಅಗುಳಿ ಹಾಕಿ ಅದಕ್ಕೆ ಕುರ್ಚಿ ಆನಿಸಿ ಮಲಗುತ್ತಿದ್ದಳಂತೆ. ಇವೆಲ್ಲ ನಾನು ಆಗ ಗಮನಿಸಿದ ವಿಷಯಗಳಲ್ಲ, ಬಹಳ ವರ್ಷಗಳ ನಂತರ ಮಾತಿನ ನಡುವೆ ಒಂದೊಂದಾಗಿ ತಿಳಿದದ್ದು.

ಒಂದು ಮಧ್ಯಾಹ್ನ ಅವಳ ಕೈಯಿಂದ ಸ್ಟೀಲಿನ ತಟ್ಟೆ ಜಾರಿತು. ನಾನು ಎದ್ದು ಕುಳಿತು ಬಾಯಿಗೆ ಬಂದಂತೆ ಬೈದೆ. ಆ ಮಾತುಗಳನ್ನು ಇಲ್ಲಿ ಬರೆಯಲಾರೆ. ಅವಳು ಅಳಲಿಲ್ಲ. ಮರುದಿನದಿಂದ ನಾನು ಮಲಗಿದೊಡನೆ ಬಾಗಿಲು ಎಳೆದುಕೊಂಡು ಪಕ್ಕದ ಮನೆಗೆ ಹೋಗಿ, ಹೊಲಿಗೆ ಮಾಡುತ್ತಿದ್ದ ಲಕ್ಷ್ಮಮ್ಮನವರ ಜೊತೆ ಝುಹರ್‌ವರೆಗೆ ಕುಳಿತಿರತೊಡಗಿದಳು. ಹೊಸ ಮದುಮಗಳ ಹಗಲುಗಳು ನೆರೆಮನೆಯಲ್ಲಿ ಕಳೆದವು. ಮನೆಯಲ್ಲಿ ಇನ್ನು ಸದ್ದಿಲ್ಲ ಎಂದು ನಾನು ಸಮಾಧಾನಪಟ್ಟೆ!

ಖಲೀಫಾ ಉಮರ್(ರ) ರಾತ್ರಿ ಗಸ್ತು ತಿರುಗುತ್ತಿದ್ದಾಗ, ಯುದ್ಧಕ್ಕೆ ಹೋದ ಗಂಡನ ಅಗಲಿಕೆಯಲ್ಲಿ ನೊಂದು ಹಾಡುತ್ತಿದ್ದ ಹೆಣ್ಣೊಬ್ಬಳ ಧ್ವನಿ ಕೇಳಿದ ಘಟನೆ ನಿಮಗೆ ತಿಳಿದಿರಬಹುದು. ಅವರು ಮಗಳು ಹಫ್ಸಾ(ರ)ರಲ್ಲಿ ವಿಚಾರಿಸಿ, ಯೋಧರನ್ನು ಮನೆಯಿಂದ ಅಷ್ಟು ಕಾಲ ದೂರವಿಡಬಾರದೆಂದು ಅವಧಿ ಗೊತ್ತುಪಡಿಸಿದರು. ನಾಲ್ಕು ತಿಂಗಳೆಂದೂ ಆರು ತಿಂಗಳೆಂದೂ ವರದಿಗಳಿವೆ. ಈ ಪಾಠವನ್ನು ನಾನು ಮದ್ರಸದಲ್ಲಿ ಓದಿ ಪರೀಕ್ಷೆಯಲ್ಲಿ ಉತ್ತರ ಬರೆದವನು. ದಿನಾಲೂ ಮನೆಗೆ ಬರುವ ಗಂಡನಿಗೂ ಅದು ಅನ್ವಯವಾಗಬಹುದೆಂದು ಹೊಳೆದಿರಲಿಲ್ಲ.

2007ರಲ್ಲಿ ಮಗಳು ಹುಟ್ಟಿದಳು. ಎರಡು ವರ್ಷ ತುಂಬುವ ಹೊತ್ತಿಗೆ ಅವಳಿಗೊಂದು ಆಟ ಬಂತು. ಗೊಂಬೆಯನ್ನು ಚಾಪೆಯಲ್ಲಿ ಮಲಗಿಸಿ, ಉಮ್ಮನ ದುಪ್ಪಟ್ಟಾ ಹೊದಿಸಿ, ತುಟಿಯ ಮೇಲೆ ಬೆರಳಿಟ್ಟು "ಶ್..." ಎನ್ನುತ್ತಿದ್ದಳು. ಒಂದು ರಜೆಯ ದಿನ ನಾನು, "ಯಾರಮ್ಮಾ ಇದು, ಪಾಪುವಾ?" ಎಂದು ಕೇಳಿದೆ.

"ಅಲ್ಲ, ಉಪ್ಪ" ಎಂದಳು.

ಅದಾದ ಮೂರನೇ ತಿಂಗಳಿಗೆ ಕೆಲಸ ಬಿಟ್ಟೆ. ಊರ ಮದ್ರಸದಲ್ಲಿ ಸಿಕ್ಕಿದ್ದು ಅದರ ಅರ್ಧ ಸಂಬಳ. ಇದನ್ನು ದೊಡ್ಡ ತ್ಯಾಗವೆಂದು ಹೇಳುತ್ತಿಲ್ಲ. ಅಷ್ಟರಲ್ಲಿ ಸಾಲ ತೀರಿತ್ತು. ತೀರದವರು ಬಿಡುವಂತಿಲ್ಲ. ಅವರು ಬಿಟ್ಟರೆ ನಿಮ್ಮ ಬೆಳಗಿನ ಹಾಲು, ಬ್ರೆಡ್ಡು, ಮೀನು ಯಾವುದೂ ಇಲ್ಲ.

ಆ ಮಗಳು ಈಗ ನರ್ಸಿಂಗ್ ಕಲಿಯುತ್ತಿದ್ದಾಳೆ. ಮುಂದೆ ಅವಳಿಗೂ ರಾತ್ರಿ ಪಾಳಿ ಬರುತ್ತದೆ. ಮೊನ್ನೆ ನನ್ನ ಅಕ್ಕ ಬಂದವಳು, "ಅಲ್ಲ, ಉಸ್ತಾದನ ಮಗಳು ರಾತ್ರಿ ಡ್ಯೂಟಿ ಮಾಡುವುದಾ? ನಾಳೆ ಸಂಬಂಧ ಕೇಳಿ ಬಂದವರು ಏನು ಹೇಳಿಯಾರು?" ಎಂದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಯಾಕೆಂದರೆ ಹತ್ತು ವರ್ಷಗಳ ಹಿಂದೆ ಒಂದು ಸಭೆಯಲ್ಲಿ ಅದೇ ಮಾತನ್ನು ನಾನೇ ಭಾಷಣದಲ್ಲಿ ಹೇಳಿದ್ದೆ. ಹೆಣ್ಣುಮಕ್ಕಳು ರಾತ್ರಿ ದುಡಿಯುವ ಮನೆಯಲ್ಲಿ ನೆಮ್ಮದಿಯಿರದೆಂದು ಗಟ್ಟಿಯಾಗಿಯೇ ಹೇಳಿದ್ದೆ. ಸಭೆ ತಲೆದೂಗಿತ್ತು.

2021ರ ಮೇ ತಿಂಗಳಲ್ಲಿ ನನ್ನ ಉಮ್ಮ ಕೊರೋನಾ ವಾರ್ಡಿನಲ್ಲಿದ್ದರು. ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ. ಒಂದು ರಾತ್ರಿ ಎರಡು ಗಂಟೆಗೆ ನರ್ಸ್ ಒಬ್ಬಳು ಫೋನ್ ಮಾಡಿ, "ನಿಮ್ಮ ತಾಯಿಗೆ ನಿದ್ದೆ ಬರುತ್ತಿಲ್ಲ, ನಿಮ್ಮ ಧ್ವನಿ ಕೇಳಬೇಕಂತೆ" ಎಂದು ಮೊಬೈಲನ್ನು ಅವರ ಕಿವಿಗೆ ಹಿಡಿದಳು. ಯಾರ ಮಗಳೋ, ಯಾರ ಮಡದಿಯೋ, ಅವಳ ಮನೆಯಲ್ಲಿ ಆ ಹೊತ್ತು ಯಾವ ಮಗು ಅಳುತ್ತಿತ್ತೋ! ಉಮ್ಮ ಗುಣವಾಗಿ ಬಂದರು, ಅಲ್‌ಹಮ್ದುಲಿಲ್ಲಾಹ್. ಆ ಭಾಷಣವನ್ನು ನಾನು ಮತ್ತೆ ಮಾಡಿಲ್ಲ. ಆದರೆ ತಪ್ಪಾಯಿತೆಂದು ಅದೇ ಸಭೆಯ ಮುಂದೆ ಹೇಳಿದ್ದೂ ಇಲ್ಲ. ಇಲ್ಲಿ ಬರೆದು ಹೇಳುತ್ತಿದ್ದೇನೆ.

ಅಕ್ಕನಿಗೆ ಉತ್ತರ ಕೊಟ್ಟದ್ದು ನನ್ನ ಮಡದಿ. "ದೀದಿ, ಇವರು ಐದು ವರ್ಷ ರಾತ್ರಿ ಡ್ಯೂಟಿ ಮಾಡಿದಾಗ ನನ್ನ ಗತಿ ಏನು ಅಂತ ನಿಮ್ಮಲ್ಲಿ ಯಾರೂ ಕೇಳಲಿಲ್ಲ. ಈಗ ಅವಳ ಗತಿ ಏನು ಅಂತ ಕೇಳುವುದಾದರೆ ಕೇಳಿ. ಜನ ಏನು ಹೇಳುತ್ತಾರೆ ಅಂತ ಕೇಳಬೇಡಿ."

ಹೆಣ್ಣುಮಕ್ಕಳ ರಾತ್ರಿ ದುಡಿಮೆಯ ಬಗ್ಗೆ ಕಾಳಜಿಯೇ ಬೇಡ ಎನ್ನುತ್ತಿಲ್ಲ. ಕಾರ್ಖಾನೆಗಳಲ್ಲಿ ಅವರನ್ನು ರಾತ್ರಿ ದುಡಿಸಬಾರದೆಂದು 1948ರ ಕಾಯ್ದೆಯಲ್ಲಿದ್ದ ನಿರ್ಬಂಧವನ್ನು 2019ರಲ್ಲಿ ನಮ್ಮ ರಾಜ್ಯ ಸರಕಾರ ಷರತ್ತುಗಳೊಂದಿಗೆ ಸಡಿಲಿಸಿತು. ಸುರಕ್ಷತೆಯ ಏರ್ಪಾಡು ಮಾಡುವುದು ಆ ಷರತ್ತುಗಳಲ್ಲೊಂದು. ಅದನ್ನು ಕೇಳುವ ಹಕ್ಕು ತಂದೆಯಾದ ನನಗಿದೆ, ಕೇಳುತ್ತೇನೆ. ಆದರೆ ವಾಹನದ ಬಗ್ಗೆ, ಕಾವಲಿನ ಬಗ್ಗೆ ಕೇಳುವುದು ಬೇರೆ, ಚಾರಿತ್ರ್ಯದ ಬಗ್ಗೆ ಪಿಸುಗುಟ್ಟುವುದು ಬೇರೆ.

ಇಷ್ಟೆಲ್ಲ ಯೋಚಿಸಿದ ಮೇಲೆ ಒಂದು ಸಣ್ಣ ವಿಷಯ ಹೊಳೆಯಿತು. ನಮ್ಮ ಮದ್ರಸದ ಹೆತ್ತವರ ಸಭೆ ಯಾವಾಗಲೂ ಇಶಾ ನಮಾಝಿನ ನಂತರ. ಬಾರದ ತಂದೆಯರ ಬಗ್ಗೆ "ಮಕ್ಕಳ ಕಡೆ ಗಮನವಿಲ್ಲ" ಎಂದು ಬರೆದಿಡುವ ರೂಢಿಯೂ ಇತ್ತು. ನಾನೇ ಬರೆದಿದ್ದೇನೆ. ಈ ಸಲ ಸಭೆಯನ್ನು ಅಸರ್ ನಂತರ ಐದು ಗಂಟೆಗೆ ಇಡೋಣ ಎಂದು ಸಮಿತಿಯಲ್ಲಿ ಹೇಳಿದೆ. ಅಂಗಡಿಯವರಿಗೆ ವ್ಯಾಪಾರದ ಹೊತ್ತು, ಕಷ್ಟ ಎಂದು ಗೊಣಗಾಟವಾಯಿತು. ಒಂದು ಬಾರಿ ನೋಡೋಣ ಎಂದು ಅಧ್ಯಕ್ಷರು ಒಪ್ಪಿದರು.

ಅಂಗಡಿಯವರಲ್ಲಿ ಕೆಲವರು ಬರಲಿಲ್ಲ, ನಿಜ. ಆದರೆ ನಾನು ಒಮ್ಮೆಯೂ ಮುಖ ನೋಡದ ಏಳು ಮಂದಿ ತಂದೆಯರು ಬಂದರು. ಇಬ್ಬರು ಬೇಕರಿಯವರು, ಒಬ್ಬರು ರಾತ್ರಿ ಬಸ್ಸಿನ ಚಾಲಕರು, ಬಂದರಿನ ವಾಚ್‌ಮನ್ ಒಬ್ಬರು. ಮೀನಿನ ಲಾರಿಯವರೂ ಬಂದಿದ್ದರು. ಕಣ್ಣು ಕೆಂಪಾಗಿತ್ತು, ಕೂದಲು ಒದ್ದೆಯಿತ್ತು, ಎದ್ದ ಹಾಗೆಯೇ ಸ್ನಾನ ಮಾಡಿ ಬಂದವರಿರಬೇಕು. ಸಭೆಯಲ್ಲಿ ಅವರೇನೂ ಮಾತಾಡಲಿಲ್ಲ. ಎಲ್ಲರೂ ಎದ್ದ ಮೇಲೆ ನನ್ನ ಬಳಿ ಬಂದು ಮೆಲ್ಲನೆ ಕೇಳಿದರು.

"ಉಸ್ತಾದ್, ನನ್ನ ಮಗಳು ಯಾವ ಬೆಂಚಿನಲ್ಲಿ ಕೂರುವುದು?"

ತೋರಿಸಿದೆ. ಹೋಗಿ ಅಲ್ಲಿ ಸ್ವಲ್ಪ ಹೊತ್ತು ಕುಳಿತರು. ನಂತರ ಗಡಿಯಾರ ನೋಡಿ, ಸಲಾಮ್ ಹೇಳಿ ಲಾರಿಯ ಕಡೆ ಹೊರಟರು.